ಮೈಕ್ ಕೊಟ್ಟೆವು, ಮಿಕ್ಸರ್ ಕೊಡಲಿಲ್ಲ



ಅಂಕೋಲೆ ತಾಲೂಕಿನ ಬಾಳೆಗುಳಿ ಎಂದರೆ ಹೆಚ್ಚಿನವರಿಗೆ ಒಂದು ಕ್ರಾಸ್. ಗೋವೆಯಿಂದ ಮಂಗಳೂರಿಗೆ ಹೋಗುವವರು ನೇರ ಹೋಗುತ್ತಾರೆ, ಹುಬ್ಬಳ್ಳಿಗೆ ಹೋಗುವವರು ತಿರುಗುತ್ತಾರೆ. ಅಂಗವಿಕಲರು ಸಂಗೀತ, ಡಿಜೆ ಕೆಲಸ ಕಲಿಯುವ ಬಗೆಗಿನ ಈ ಸಂಕಿರಣವನ್ನು ಕಾರವಾರದಲ್ಲೋ ಧಾರವಾಡದಲ್ಲೋ ಇಟ್ಟುಕೊಳ್ಳದೆ ಇಲ್ಲೇಕೆ ಎಂದು ಸಂಘಟಕರನ್ನು ಕೇಳಿದೆ. ‘ಎಲ್ಲಾ ಕಡೆಯಿಂದ ಬಸ್ಸು ಸಿಗ್ತದೆ ಸರ್’ ಅಂದರು. ಗಾಲಿಕುರ್ಚಿಯಲ್ಲಿ, ಬಿಳಿ ಕೋಲು ಹಿಡಿದು ಬರುವವರಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ನನಗೆ ಮಾತ್ರ ಇನ್ನೊಂದು ಹೊಳೆಯಿತು. ಇಲ್ಲಿಂದ ಹೊರಟ ರಸ್ತೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ ದಾಟಿ ಗದಗ ಮುಟ್ಟುತ್ತದೆ. ಈಗ ಹೆದ್ದಾರಿಯ ನಂಬರು ಬದಲಾಗಿದೆ. 63 ಅನ್ನುತ್ತಿದ್ದ ಕಾಲದಲ್ಲಿ ಅಂಕೋಲೆಗೂ ಗದಗಕ್ಕೂ ಒಂದೇ ನಂಬರು. ನಮ್ಮ ಮಾತೂ ಇವತ್ತು ಅದೇ ದಾರಿ ಹಿಡಿದು ಹೋಗಿ ಬರಬೇಕು.

ಮೊದಲು ‘ಡಿಜೆ’ ಎಂಬ ಶಬ್ದದ ಗೊಂದಲ ಪರಿಹಾರವಾಗಲಿ. ಊರಿನಲ್ಲಿ ‘ಈ ಸಲ ಗಣಪತಿ ಬಿಡುವಾಗ ಡಿಜೆ ಉಂಟಾ?’ ಎಂದು ಕೇಳಿದರೆ ಯಾರೂ ಮನುಷ್ಯನ ಬಗ್ಗೆ ಕೇಳುತ್ತಿಲ್ಲ. ಲಾರಿಯ ಮೇಲೆ ಪೇರಿಸಿದ ಬಾಕ್ಸುಗಳು, ಎದೆ ಗುದ್ದುವ ಬೇಸು, ಹಿಂದೆ ಜನರೇಟರು, ಅದರ ಹಿಂದೆ ಪೊಲೀಸ್ ಜೀಪು: ಇಷ್ಟೂ ಸೇರಿದರೆ ಡಿಜೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ 2000ದ ನಿಯಮ ನೆನಪಾಗುವುದೂ ಆಗಲೇ. ಆದರೆ ಆ ಹೆಸರು ಒಬ್ಬ ವ್ಯಕ್ತಿಯದು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಒಂದು ಕಿವಿಯ ಹೆಡ್‌ಫೋನಿನಲ್ಲಿ ಕೇಳಿ, ಅದರ ಲಯವನ್ನು ಇದಕ್ಕೆ ಹೊಂದಿಸಿ, ಕುಣಿಯುವವರ ಕಾಲು ತಪ್ಪದ ಹಾಗೆ ಒಂದರೊಳಗೆ ಇನ್ನೊಂದನ್ನು ಸೇರಿಸುವವನು. ಈ ಕೆಲಸದಲ್ಲಿ ಕಣ್ಣಿಗೆ ಏನು ಕೆಲಸವಿದೆ, ನೀವೇ ಯೋಚಿಸಿ.

ಈಗ ಗದಗಕ್ಕೆ ಹೋಗೋಣ. ಪಂಚಾಕ್ಷರಿ ಗವಾಯಿಗಳು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ ಕುಮಾರ ಸ್ವಾಮಿಗಳು ಕೈ ಹಿಡಿದು ಸಂಗೀತಕ್ಕೆ ಹಚ್ಚಿದರು. ಹಿಂದೂಸ್ತಾನಿ, ಕರ್ನಾಟಕ ಎರಡನ್ನೂ ಪಳಗಿಸಿಕೊಂಡು ‘ಉಭಯಗಾನ ವಿಶಾರದ’ರೆನಿಸಿದರು, ಗದಗದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಅವರು 1944ರಲ್ಲಿ ತೀರಿಕೊಂಡಾಗ ಹೊಣೆ ಬಿದ್ದದ್ದು ಶಿಷ್ಯ ಪುಟ್ಟರಾಜರ ಮೇಲೆ. ಅವರೂ ಅಂಧರೇ. 2010ರಲ್ಲಿ ಕಣ್ಮುಚ್ಚುವವರೆಗೂ ಅದನ್ನು ನಡೆಸಿದರು. ಇದೆಲ್ಲ ನಿಮಗೆ ಗೊತ್ತಿರುವುದೇ. ಅವರ ಫೋಟೊಕ್ಕೆ ಹಾರ ಹಾಕುವಾಗ ನಾವು ಮರೆಯುವ ಎರಡು ಸಂಗತಿಗಳ ಮೇಲೆ ಸ್ವಲ್ಪ ನಿಲ್ಲುತ್ತೇನೆ.

ಒಂದು, ನಾಟಕ ಕಂಪನಿ. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ಗುರುಶಿಷ್ಯರು ಕಂಪನಿ ನಡೆಸಿದರು. ಕಂಪನಿ ಎಂದರೆ ಬರೀ ಹಾಡಲ್ಲ. ಪರದೆ, ಬಣ್ಣ, ಟಿಕೆಟ್ಟು, ನಟರ ಊಟದ ಲೆಕ್ಕ, ಮಳೆ ಹಿಡಿದರೆ ಖಾಲಿ ಥಿಯೇಟರು. ಪುಟ್ಟರಾಜರು ನಾಟಕವನ್ನೂ ಬರೆದರು, ಹಾರ್ಮೋನಿಯಂ, ತಬಲಾ, ಸಾರಂಗಿಯನ್ನೂ ನುಡಿಸಿದರು. ಕಣ್ಣಿಲ್ಲದವರು ರಂಗದ ಮೇಲೆ ಹಾಡಿಹೋಗುವ ಅತಿಥಿಗಳಾಗಿರಲಿಲ್ಲ, ಇಡೀ ಪ್ರದರ್ಶನದ ಯಜಮಾನರಾಗಿದ್ದರು.

ಇನ್ನೊಂದು, ಶಿಷ್ಯರು. ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತವರು, ಗಾಯಕ ವೆಂಕಟೇಶ ಕುಮಾರ್ ಪುಟ್ಟರಾಜರಲ್ಲಿ ಕಲಿತವರು. ಇಬ್ಬರೂ ಕಣ್ಣಿದ್ದವರು. ನಾವೀಗ ಸಮನ್ವಯ ಶಿಕ್ಷಣ ಎನ್ನುತ್ತಾ ವಿಶೇಷ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಲು ಒದ್ದಾಡುತ್ತೇವೆ. ಅಲ್ಲಿ ಕಣ್ಣಿದ್ದವರೇ ಕಣ್ಣಿಲ್ಲದವರ ಶಾಲೆಗೆ ಬಂದು ಕಾಲು ಹಿಡಿದು ಕಲಿತರು.

ಈಗ ನಮ್ಮ ಪಾಡು ಹೇಳುತ್ತೇನೆ, ನನ್ನ ತಪ್ಪಿನಿಂದಲೇ ಶುರು ಮಾಡಿ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಉತ್ಸವದಲ್ಲಿ ಕಣ್ಣಿಲ್ಲದ ಹುಡುಗನೊಬ್ಬ ಹಾಡಬೇಕಿತ್ತು. ಮೈಕ್ ಕೈಗೆ ಬಂದ ಕೂಡಲೇ ಕುಂಯ್ ಎಂದು ಕೂಗತೊಡಗಿತು. ಹುಡುಗ ತಲೆ ಓರೆ ಮಾಡಿ ಕೇಳಿ, ‘ಮಿಡ್ ಸ್ವಲ್ಪ ಇಳಿಸಿ’ ಅಂದ. ಪಕ್ಕದಲ್ಲಿ ನಿಂತಿದ್ದ ನಾನು ಅವನ ಬೆನ್ನು ತಟ್ಟಿ, ‘ಹೆದರಬೇಡ, ಹಾಡು’ ಅಂದೆ. ಅವನು ಹೆದರಿರಲಿಲ್ಲ. ಒಂದು ಹಾಡು ಕೂಗಿನ ನಡುವೆಯೇ ಮುಗಿಯಿತು. ಶಾಲು, ಹಣ್ಣಿನ ಬುಟ್ಟಿ, ಕಣ್ಣೊರೆಸಿಕೊಳ್ಳುವ ಸಭೆ. ಅವನು ಇಳಿದ ಮೇಲೆ ಸೌಂಡಿನವರು ಮಿಡ್ ಇಳಿಸಿದರು, ಕೂಗು ನಿಂತಿತು. ನಾವು ಇಂಥವರ ಕೈಗೆ ವರ್ಷಕ್ಕೊಮ್ಮೆ, ಡಿಸೆಂಬರ್ 3ರ ಅಂಗವಿಕಲರ ದಿನದಂದು ತಪ್ಪದೆ, ಮೈಕ್ ಕೊಡುತ್ತೇವೆ. ದನಿಗಳನ್ನು ಹದಮಾಡುವ ಮಿಕ್ಸರ್ ಮುಟ್ಟಲು ಬಿಡುವುದಿಲ್ಲ. ಈ ಸಂಕಿರಣದಿಂದ ನಾನು ಬಯಸುವುದು ಆ ಮಿಕ್ಸರನ್ನು.

ಅದು ಕಷ್ಟವೇ? ಎಂಟು ಚಾನೆಲ್ಲಿನ ಹಳೆಯ ಮಿಕ್ಸರ್ ಸಾಕು. ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರೆ ಪ್ರತಿ ಚಾನೆಲ್ಲಿನಲ್ಲೂ ಒಂದೇ ಕ್ರಮ: ಗೇನ್, ಹೈ, ಮಿಡ್, ಲೋ, ಕೊನೆಯಲ್ಲಿ ದನಿ ಏರಿಳಿಸುವ ಫೇಡರ್. ಹೈ, ಮಿಡ್, ಲೋ ಗುಂಡಿಗಳು ನಡುವಿಗೆ ಬಂದಾಗ ಹೆಚ್ಚಿನ ಮಿಕ್ಸರುಗಳಲ್ಲಿ ಬೆರಳಿಗೆ ‘ಟಕ್’ ಎಂದು ಗೊತ್ತಾಗುತ್ತದೆ. ಫೇಡರಿಗೆ ಅದಿಲ್ಲ. ಹಾಗಾಗಿ ಅಂಧ ಮಕ್ಕಳಿಗೆ ನಾವು ಕೊಟ್ಟ ತರಬೇತಿಯಲ್ಲಿ ಸೊನ್ನೆಯ ಗುರುತಿನ ಪಕ್ಕ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದೆವು. ಒಬ್ಬ ಹುಡುಗಿ ತನ್ನ ಹಣೆಯದನ್ನೇ ಕಿತ್ತು ಅಂಟಿಸಿದಳು. ಅರ್ಧ ದಿನದೊಳಗೆ ಎಲ್ಲರಿಗೂ ಎಂಟು ಚಾನೆಲ್ಲೂ ಕೈವಶ.

ತೊಡಕು ಬರುವುದು ಕಂಪ್ಯೂಟರಿನಲ್ಲಿ. ಈಗಿನ ಡಿಜೆ ಸಾಫ್ಟ್‌ವೇರುಗಳು ಹಾಡನ್ನು ಅಲೆಅಲೆಯಾದ ಚಿತ್ರ ಮಾಡಿ ತೋರಿಸುತ್ತವೆ, ಮುಟ್ಟುವ ಪರದೆಗೆ ಏರಿಲ್ಲ, ತಗ್ಗಿಲ್ಲ. ಆದರೂ ದಾರಿಗಳಿವೆ. ಎನ್‌ವಿಡಿಎ ಎಂಬ ಪರದೆ ಓದುಗ ತಂತ್ರಾಂಶ ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರು ಮಾಡಿದ್ದು. ‘ಡಿಜೇ’ ಎಂಬ ಆ್ಯಪ್ ಐಫೋನಿನ ವಾಯ್ಸ್‌ಓವರ್ ಜೊತೆ ಮಾತಾಡುತ್ತಾ ನಡೆಯುತ್ತದೆ. ಒಂದು ಎಚ್ಚರಿಕೆ: ಆ ಓದುವ ದನಿಗೂ ಹಾಡಿಗೂ ಒಂದೇ ದಾರಿ ಕೊಟ್ಟರೆ ಮದುವೆ ಹಾಲ್‌ನಲ್ಲಿ ‘ಬ್ಯಾಟರಿ ಟ್ವೆಂಟಿ ಪರ್ಸೆಂಟ್’ ಎಂದು ಮದುಮಕ್ಕಳಿಗೂ ಕೇಳಿಸುತ್ತದೆ. ಹಾಡು ಬಾಕ್ಸಿಗೆ, ಓದುವ ದನಿ ಹೆಡ್‌ಫೋನಿಗೆ ಹೋಗುವಂತೆ ಬೇರೆ ಬೇರೆ ಔಟ್‌ಪುಟ್ ಇರುವ ಸೌಂಡ್ ಕಾರ್ಡ್ ಹಾಕಬೇಕು. ಹೆಡ್‌ಫೋನಿಗೆ ವೈರು ಇರಲೇಬೇಕು. ಬ್ಲೂಟೂತ್ ತಡವಾಗಿ ಕೇಳಿಸುತ್ತದೆ, ತಾಳ ಕೆಡುತ್ತದೆ. ಇಂಥ ಸಣ್ಣ ಸಂಗತಿಗಳನ್ನು ಯಾರೂ ಪ್ರಬಂಧದಲ್ಲಿ ಬರೆಯುವುದಿಲ್ಲ, ತರಬೇತಿ ನಿಲ್ಲುವುದು ಮಾತ್ರ ಇವುಗಳಿಂದಲೇ.

ಅಂಧರು ಕೇಳಿಕೊಂಡದ್ದರಿಂದ ಎಲ್ಲರ ಸಂಗೀತವೂ ಬದಲಾದದ್ದುಂಟು. ಅಮೆರಿಕದ ಸಂಶೋಧಕ ರೇ ಕರ್ಜ್ವೈಲ್ 1976ರಲ್ಲಿ ಅಂಧರಿಗಾಗಿ ಓದುವ ಯಂತ್ರ ಮಾಡಿದರು. ಅದನ್ನು ಕೊಂಡ ಅಂಧ ಗಾಯಕ ಸ್ಟೀವಿ ವಂಡರ್ ಜೊತೆ ನಡೆದ ಮಾತಿನಿಂದ 1984ರಲ್ಲಿ ಹೊಸ ಬಗೆಯ ಕೀಬೋರ್ಡ್ ಬಂತು.

ಕಿವಿ ಕೇಳದವರ ಮಾತಿಗೆ ಬಂದರೆ ಲಂಡನ್ನಿನ ‘ಡೆಫ್ ರೇವ್’ ಉದಾಹರಣೆ ಕೊಡುತ್ತಾರೆ. 2003ರಿಂದ ಕಿವುಡರೇ ಕಟ್ಟಿ, ಕಿವುಡರೇ ಕುಣಿಯುವ ಕೂಟ ಅದು. ಒಳ್ಳೆಯದೇ. ಆದರೆ ಅಷ್ಟು ದೂರ ಹೋಗುವ ಮೊದಲು ಇಲ್ಲಿಯ ಸುಗ್ಗಿಯ ಗುಮಟೆಯನ್ನು ಒಮ್ಮೆ ಮಗುವಿನ ತೊಡೆಯ ಮೇಲಿಡಿ. ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಬಲಗೈ ಚರ್ಮದ ಮೇಲೆ ಬಿದ್ದಾಗ ಎಡ ಅಂಗೈ ಆ ತೆರೆದ ಬಾಯನ್ನು ಮುಚ್ಚಿ ಬಿಟ್ಟು ಮಾಡುತ್ತದೆ. ನಾದ ಗಾಳಿಯಾಗಿ ಅಂಗೈಗೆ ತಾಗುತ್ತದೆ. ಹುಟ್ಟುಕಿವುಡ ಹುಡುಗಿಯೊಬ್ಬಳು ಮೊದಲ ಪೆಟ್ಟಿಗೆ ಕೈ ಎಳೆದುಕೊಂಡು ಮಡಕೆಯ ಒಳಗೆ ಇಣುಕಿ ನೋಡಿದ್ದನ್ನು ನಾನು ಮರೆತಿಲ್ಲ. ಯಾರೋ ಒಳಗಿದ್ದಾರೆ ಅಂದುಕೊಂಡಿರಬೇಕು. ಆಮೇಲೆ ಮಡಕೆಯನ್ನು ವಾಪಸು ಕೊಡಲಿಲ್ಲ. ಕಿವುಡರಿಗೆಂದು ಬಾಕ್ಸಿನ ವಾಲ್ಯೂಮ್ ಏರಿಸುವವರು ಇದನ್ನು ಗಮನಿಸಬೇಕು: ಬೇಕಾದದ್ದು ಜೋರಲ್ಲ, ಮುಟ್ಟುವಷ್ಟು ಹತ್ತಿರ. ಶ್ರವಣಯಂತ್ರ ಹಾಕಿದವರಿಗೂ, ಆಟಿಸಂ ಇರುವ ಮಕ್ಕಳಿಗೂ ಆ ಜೋರು ಹಿಂಸೆಯೇ ಆಗಬಹುದು.

ಕಾಗದ ನೋಡದೆ ಹಾಡು ಕಲಿಯುವುದು ಈ ತಾಲೂಕಿಗೆ ಹೊಸತೂ ಅಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಕಿವಿಯಿಂದ ಕಿವಿಗೆ ಬಂದ ಹಾಲಕ್ಕಿ ಹಾಡುಗಳಿಗೆ.

ಕಾನೂನಿನ ಮಾತು ಚಿಕ್ಕದಾಗಿ. ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು ಎಂದು ನಾವು ಹೆಸರು ಬದಲಿಸುತ್ತಾ ಬಂದಿದ್ದೇವೆ, ರಂಗಮಂದಿರದ ಮೆಟ್ಟಿಲು ಮಾತ್ರ ಮೊದಲಿನ ಹಾಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಕಲಾವಿದರಿಗೆ ಸೌಲಭ್ಯ, ಬೆಂಬಲ, ಪ್ರಾಯೋಜಕತ್ವ ಕೊಡಬೇಕೆನ್ನುತ್ತದೆ. ಕಲಾ ವಿಷಯಗಳ ಪಠ್ಯಕ್ರಮವನ್ನು ಇವರೂ ಕಲಿಯುವಂತೆ ಮರುರೂಪಿಸಬೇಕೆಂದೂ ಹೇಳುತ್ತದೆ. ಮಧ್ಯಾಹ್ನದ ಗೋಷ್ಠಿಯವರು ಈ ಎರಡನೆಯ ಮಾತನ್ನು ಹಿಡಿದುಕೊಳ್ಳಬೇಕು. ಸೌಂಡ್ ಸರ್ವಿಸಿನ ಗೆಳೆಯರಲ್ಲಿ ನನ್ನದೊಂದು ಕೇಳಿಕೆ: ಬರುವ ಮದುವೆ ಸೀಸನ್ನಿಗೆ ಒಬ್ಬೊಬ್ಬರು ಒಬ್ಬರನ್ನು ಜೊತೆಗೆ ಹಾಕಿಕೊಳ್ಳಿ, ದಿನಗೂಲಿ ಕೊಟ್ಟು. ಸನ್ಮಾನ ಬೇಡ.

ಇನ್ನೂ ಹೇಳುವುದಿತ್ತು. ಆದರೆ ಹಿಂದಿನ ಮೇಜಿನಲ್ಲಿ ಮಿಕ್ಸರಿನ ಮುಂದೆ ಕೂತಿರುವ ಹುಡುಗಿ, ಅದೇ ಬಿಂದಿಯವಳು, ಬೆಳಿಗ್ಗೆಯೇ ತಾಕೀತು ಮಾಡಿದ್ದಾಳೆ: ‘ಹದಿನೈದು ನಿಮಿಷ ದಾಟಿದ್ರೆ ನಿಮ್ಮ ಫೇಡರ್ ಇಳಿಸ್ತೆ ಸರ್.’ ನನ್ನ ದನಿ ಆಗಲೇ ಸ್ವಲ್ಪ ಸಣ್ಣಗಾದ ಹಾಗಿದೆ.