ಕೊಟ್ಟಿಗೆಯ ಸೂರು ಬದಲಿಸುವ ಮುನ್ನ

(ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಒಕ್ಕೂಟದ ಗಣಕಯಂತ್ರ ವಿಭಾಗದ ಪರವಾಗಿ ಮಾಡಿದ ಭಾಷಣ)



ನೀವು ಸಂಘಕ್ಕೆ ಹಾಲು ಹಾಕಿದೊಡನೆ ಲೀಟರು, ಜಿಡ್ಡು, ಜಿಡ್ಡೇತರ ಘನಾಂಶ ನಮೂದಿಸಿದ ಚೀಟಿ ಕೈಗೆ ಬರುತ್ತದೆ. ಆ ಲೆಕ್ಕ ಒಕ್ಕೂಟದ ಗಣಕಯಂತ್ರಕ್ಕೂ ಬಂದು ಸೇರುತ್ತದೆ. ನಿಮ್ಮ ಬಟವಾಡೆ ನಿಂತಿರುವುದು ಅದರ ಮೇಲೆ. ಆದ್ದರಿಂದ ಅಲ್ಲಿ ಹೊಸ ತಂತ್ರಾಂಶ ಅಳವಡಿಸುವ ಮುನ್ನ ನಿಮಗೆ ತಿಳಿಸುವುದು ನಮ್ಮ ಕರ್ತವ್ಯ.

ಹಿಂದೆ ಬಟವಾಡೆಗೊಂದು, ಪಶು ಆಹಾರದ ಲೆಕ್ಕಕ್ಕೊಂದು, ದಾಸ್ತಾನಿಗೊಂದು ಯಂತ್ರ ಬೇಕಿತ್ತು. ಈಗ ಒಂದೇ ದೊಡ್ಡ ಸರ್ವರ್‌ನೊಳಗೆ ಇವೆಲ್ಲ ಬೇರೆ ಬೇರೆ ಯಂತ್ರಗಳಂತೆಯೇ ನಡೆಯುತ್ತವೆ. ಕೊಟ್ಟಿಗೆ ಒಂದೇ, ಗೊಂತು ಬೇರೆ ಬೇರೆ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕದು. ಈ ಏರ್ಪಾಡಿಗೆ ವರ್ಚುವಲೈಸೇಷನ್ ಎನ್ನುತ್ತಾರೆ. ನಾವು ಬಳಸುವ ತಂತ್ರಾಂಶ ಪ್ರಾಕ್ಸ್‌ಮಾಕ್ಸ್ ವಿಇ. ಅದರ 9ನೇ ಆವೃತ್ತಿ 2025ರ ಆಗಸ್ಟ್‌ನಲ್ಲಿ ಬಂತು. 8ನೇ ಆವೃತ್ತಿಗೆ ತಯಾರಕರು ಗೊತ್ತುಪಡಿಸಿದ ಗಡುವು 2026ರ ಆಗಸ್ಟ್. ಆಮೇಲೂ ಹಳೆಯದು ಓಡುತ್ತದೆ ನಿಜ. ಆದರೆ ಬೇಲಿ ಮುರಿದರೆ ಕಟ್ಟಿಕೊಡುವವರಿಲ್ಲ.

ಹಾಗೆಂದು ಅವಸರ ಸಲ್ಲದು. ನಾನು ಹಿಂದೆ ಇದ್ದ ಕಚೇರಿಯೊಂದರಲ್ಲಿ, ಸ್ನ್ಯಾಪ್‌ಶಾಟ್ ಇದೆಯಲ್ಲ ಎಂಬ ಧೈರ್ಯದಿಂದ ಹೊಸ ಆವೃತ್ತಿಗೆ ಕೈಹಾಕಿದೆವು. ಡಿಸ್ಕೇ ಕೆಟ್ಟಿತು. ಸ್ನ್ಯಾಪ್‌ಶಾಟ್ ಇದ್ದದ್ದೂ ಅದೇ ಡಿಸ್ಕಿನಲ್ಲಿ! ಕಾಗದದ ರಿಜಿಸ್ಟರ್ ನೋಡಿ ಮೂರು ರಾತ್ರಿ ಲೆಕ್ಕ ತುಂಬಿದೆವು. ತಪ್ಪು ನಮ್ಮದು, ಹಣ ತಡವಾಗಿದ್ದು ಜನರಿಗೆ.

ಈ ಸಲ ನಮ್ಮ ಕ್ರಮ ಹೀಗಿದೆ:

1. ಎಲ್ಲ ಲೆಕ್ಕದ ಬ್ಯಾಕಪ್ ಬೇರೊಂದು ಯಂತ್ರದಲ್ಲಿ ಇಡುತ್ತೇವೆ. ಅದನ್ನು ತೆರೆದು, ಹಿಂದಿನ ಒಂದು ಬಟವಾಡೆಯ ಪಟ್ಟಿ ತೆಗೆದು ತಾಳೆ ನೋಡುತ್ತೇವೆ.

2. ಮೊದಲು 8.4ಕ್ಕೆ ಏರಿಸಿ, ತಯಾರಕರೇ ಕೊಟ್ಟಿರುವ ‘ಪಿವಿಇ 8 ಟು 9’ ಎಂಬ ತಪಾಸಣೆ ನಡೆಸುತ್ತೇವೆ. ಅದು ತೋರಿಸಿದ ದೋಷ ಸರಿಪಡಿಸದೆ ಮುಂದುವರಿಯುವುದಿಲ್ಲ.

3. ಸೂರು ಬದಲಿಸುವಾಗ ಹಸುಗಳನ್ನು ಪಕ್ಕದ ಕೊಟ್ಟಿಗೆಯಲ್ಲಿ ಕಟ್ಟುತ್ತೀರಲ್ಲವೇ? ಹಾಗೆಯೇ ಒಂದು ಸರ್ವರ್‌ನ ಕೆಲಸಗಳನ್ನು ಇನ್ನೊಂದಕ್ಕೆ ಸಾಗಿಸಿ, ಖಾಲಿಯಾದದ್ದಕ್ಕೆ ಹೊಸ ಆವೃತ್ತಿ ಹಾಕುತ್ತೇವೆ. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಸಾಗಿಸಬಹುದು. ಹೊಸದರಿಂದ ಹಳೆಯದಕ್ಕೆ ಮರಳುವುದು ಖಾತ್ರಿಯಿಲ್ಲ. ಅದಕ್ಕೇ ಮೊದಲು ಕಡಿಮೆ ಮುಖ್ಯವಾದ ಕೆಲಸವೊಂದನ್ನು ಸಾಗಿಸಿ ಕೆಲವು ದಿನ ನೋಡುತ್ತೇವೆ. ಹೊಸ ಮೇವನ್ನು ಒಮ್ಮೆಲೇ ಹಾಕದೆ ಹಳೆಯದರ ಜೊತೆ ಬೆರೆಸಿ ರೂಢಿ ಮಾಡಿಸುವಂತೆ. ಬಟವಾಡೆಯ ಲೆಕ್ಕ ಕೊನೆಗೆ.

ಈ ಕೆಲಸ ಸಂಜೆಯ ಹಾಲು ಮುಗಿದ ಮೇಲೆ ನಡೆಯುತ್ತದೆ. ಬಟವಾಡೆಯ ದಿನ ಖಂಡಿತ ಮಾಡುವುದಿಲ್ಲ.

ನಿಮ್ಮಲ್ಲಿ ಎರಡು ವಿನಂತಿ. ಹಣ ಖಾತೆಗೆ ಬಂದು ತಾಳೆಯಾಗುವವರೆಗೆ ಹಾಲಿನ ಚೀಟಿಗಳನ್ನು ಎಸೆಯಬೇಡಿ. ವ್ಯತ್ಯಾಸ ಕಂಡರೆ ಕಾರ್ಯದರ್ಶಿಗಳಿಗೆ ತಿಳಿಸಿ. ಮತ್ತು ಸಭೆಗೆ ಬಂದಾಗ ‘ಬ್ಯಾಕಪ್ ಇದೆಯೇ?’ ಎಂದಷ್ಟೇ ಕೇಳಬೇಡಿ. ‘ಅದನ್ನು ತೆರೆದು ನೋಡಿದ್ದೀರಾ?’ ಎಂದು ಕೇಳಿ. ಲೆಕ್ಕ ನಿಮ್ಮದು, ಉತ್ತರ ಕೊಡಬೇಕಾದವರು ನಾವು.