ಊರಿಗೆ ಎಷ್ಟು ಹೊತ್ತಿನ ದಾರಿ?

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಅಹಮದಾಬಾದಿನ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 1,220 ಕಿಲೋಮೀಟರು. ವಿಮಾನಕ್ಕೆ 2 ಗಂಟೆ, ಹೆಚ್ಚೆಂದರೆ ಎರಡೂಕಾಲು. 1960ರ ಸುಮಾರಿನಲ್ಲಿ ಇಲ್ಲಿ ನೆಲಸಿದ ನಮ್ಮ ಹಿರಿಯರು ಮುಂಬಯಿಯಲ್ಲಿ ಇಳಿದು, ಪುಣೆಯಲ್ಲಿ ಮತ್ತೆ ಇಳಿದು, ಮೀಟರ್ ಗೇಜಿನ ಗಾಡಿ ಹತ್ತಿ, ಮೂರನೆಯ ದಿನ ಮನೆಯ ಬಾಗಿಲು ಕಾಣುತ್ತಿದ್ದರು. ಅವರೆದುರು ನಾವು ಭಾಗ್ಯವಂತರೇ ಸರಿ.

ಆದರೆ ಊರಿನವರ ಕಿವಿಯಲ್ಲಿ ಈ ‘ಎರಡು ಗಂಟೆ’ ನೆಟ್ಟುಹೋಗಿದೆ. ತಾಯಿಗೆ ಕಾಯಿಲೆ ವಿಷಮಿಸಿತೆಂದು ಬೆಳಗಿನ ಜಾವ ಫೋನು ಬರುತ್ತದೆ. “ಈಗ ಹೊರಟರೆ ಊಟದ ಹೊತ್ತಿಗೆ ಬಂದೀರಲ್ಲ” ಎನ್ನುತ್ತಾರೆ. ವಡೋದರಾದ ನಮ್ಮವರೊಬ್ಬರಿಗೆ ತಮ್ಮೂರಲ್ಲಿ ಆ ಹೊತ್ತಿಗೆ ವಿಮಾನ ಸಿಗಲಿಲ್ಲ, ಹೋಗಬೇಕಾದುದು ಹಾಸನಕ್ಕೆ ಎನ್ನಿ. ಅಹಮದಾಬಾದಿಗೆ ಮೋಟಾರಿನಲ್ಲಿ ಎರಡೂವರೆ ಗಂಟೆ. ಅದೂ ಊರಿಗೆ ಬೆನ್ನು ಹಾಕಿ, ಉತ್ತರಕ್ಕೆ! ತಪಾಸಣೆಗೆ 2, ಆಕಾಶದಲ್ಲಿ ಎರಡೂಕಾಲು, ಪೆಟ್ಟಿಗೆ ಕೈಗೆ ಬರಲು ಅರ್ಧ. ದೇವನಹಳ್ಳಿಯಿಂದ ಹಾಸನ ಸುಮಾರು 200 ಕಿಲೋಮೀಟರು, 4 ಗಂಟೆ. ಹನ್ನೊಂದೂಕಾಲು ಆಯಿತು. ಹೊರಟ ಗಳಿಗೆಗೇ ವಿಮಾನವೂ ಟಿಕೆಟ್ಟೂ ಸಿಕ್ಕಿದರೆ ಮಾತ್ರ ಈ ಲೆಕ್ಕ. ಸೂರತ್ತಿನ ಬಂಧುಗಳು ಅಲ್ಲಿಯೇ ವಿಮಾನ ಸಿಗದಿದ್ದರೆ ಅಹಮದಾಬಾದಿಗೇ 260 ಕಿಲೋಮೀಟರು ಬರಬೇಕು.

ಆದುದರಿಂದ, ಎಲ್ಲರೂ ಕ್ಷೇಮವಾಗಿರುವ ಈ ದಿನಗಳಲ್ಲಿಯೇ ಊರಿಗೆ ಫೋನು ಮಾಡಿ 12 ಗಂಟೆಯ ದಾರಿ ಎಂದು ತಿಳಿಸಿಡೋಣ. ಕೇಳುವುದಕ್ಕೆ ಮುಜುಗರದ ಮಾತು, ನಿಜ. ಆದರೆ ಹೊತ್ತು ಮುಳುಗುವುದರೊಳಗೆ ಎತ್ತಬೇಕೆಂದು ಹಿರಿಯರು ಅವಸರ ಮಾಡುವಾಗ, ಮಗನಿಗಾಗಿ, ಮಗಳಿಗಾಗಿ ಎಷ್ಟು ಹೊತ್ತು ಕಾಯಬೇಕೆಂಬುದು ಅಲ್ಲಿದ್ದವರಿಗೆ ಗೊತ್ತಿರಬೇಕು.