ಬಿಕ್ಕಳಿಕೆಯೊಳಗೆ ಕೆಮ್ಮಿಲ್ಲ

ಬಿಕ್ಕಳಿಕೆ ಬಂದರೆ ‘ಯಾರೋ ನೆನೆಸಿಕೊಳ್ಳುತ್ತಿದ್ದಾರೆ’ ಎನ್ನುವುದು ಮಲೆನಾಡಿನ ಮನೆಮನೆಯ ಮಾತು. ಇಂಗ್ಲಿಷಿನಲ್ಲಿ ಇದು ‘ಹಿಕಪ್’. 16ನೇ ಶತಮಾನದಲ್ಲಿ ‘ಹಿಕಾಪ್’, ‘ಹಿಕೆಟ್’ ಎಂಬ ರೂಪಗಳಿದ್ದವು. ಎರಡೂ ಗಂಟಲಿನ ಸದ್ದಿನ ಅನುಕರಣೆ. ಸಂಸ್ಕೃತದ ‘ಹಿಕ್ಕಾ’, ಕನ್ನಡದ ‘ಬಿಕ್ಕು’ಗಳಲ್ಲೂ ಅದೇ ಸದ್ದು ಕೇಳಿಸುತ್ತದೆ. 17ನೇ ಶತಮಾನದಲ್ಲಿ ಇದೂ ಒಂದು ಬಗೆಯ ಕೆಮ್ಮೆಂದು ಭಾವಿಸಿ, ಕೊನೆಗೆ ಕೆಮ್ಮು ಎಂಬರ್ಥದ ‘ಕಾಫ್’ ಪದದ ಕಾಗುಣಿತ ಸೇರಿಸಿದರು. ಉಚ್ಚಾರ ಮಾತ್ರ ಬದಲಾಗಲಿಲ್ಲ.

ಇಂಥ ತಿದ್ದುಪಡಿ ಇಲ್ಲಿಗೂ ಹೊಸತಲ್ಲ. ಶಿವಮೊಗ್ಗವನ್ನು ‘ಶಿವನ ಮುಖ’ ಎನ್ನುವವರಿದ್ದಾರೆ, ‘ಸಿಹಿ ಮೊಗೆ’ ಎನ್ನುವವರೂ ಇದ್ದಾರೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಬ್ಬಿಣದ ಕುಲುಮೆಯಿಂದಲೇ ಆ ಹೆಸರು ಬಂತೆಂದು ಅನಿಸಬಹುದು. ಆದರೆ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಹೆಸರು ಅದಕ್ಕಿಂತ ಹಳೆಯದು. ತಿಳಿಯದ ಪದಕ್ಕೆ ತಿಳಿದ ಅರ್ಥ ತೊಡಿಸುವುದು ಜನರ ರೂಢಿ.

ಊರಿನ ಹೆಸರಿನಲ್ಲಿ ಇದರಿಂದ ನಷ್ಟವಿಲ್ಲ; ದೇಹದ ವಿಷಯ ಹಾಗಲ್ಲ. ಕೆಮ್ಮಿನಲ್ಲಿ ಗಾಳಿ ಹೊರಕ್ಕೆ ನುಗ್ಗುತ್ತದೆ. ಬಿಕ್ಕಳಿಕೆಯಲ್ಲಿ ವಪೆ ಹಠಾತ್ತನೆ ಕುಗ್ಗಿ ಗಾಳಿ ಒಳಕ್ಕೆ ನುಗ್ಗುತ್ತದೆ. ಕೂಡಲೇ ಧ್ವನಿತಂತುಗಳು ಮುಚ್ಚಿಕೊಂಡು ಸದ್ದಾಗುತ್ತದೆ. ಸಾಮಾನ್ಯವಾಗಿ ಅದು ತಾನಾಗಿಯೇ ನಿಲ್ಲುತ್ತದೆ. 48 ಗಂಟೆ ಮೀರಿದರೆ ಮಾತ್ರ, ನೆನೆಸಿಕೊಂಡವರು ಯಾರೆಂದು ಹುಡುಕುತ್ತ ಕೂರದೆ ವೈದ್ಯರನ್ನು ಕಾಣಬೇಕು.